ಮರ ಅಂದ್ರ ಗಿಡ

ಗದಿಗೆವ್ವನ ಸುದ್ದಿ ನನ್ನ ಮುಂದ ತಗೀಬ್ಯಾಡ್ರಿ ಅಂತ ಎಷ್ಟ ಸಲ ಹೇಳೀನಿ. ಆದ್ರೂ ಮಂದಿ ತಗೀತಾರ. ಗದಿಗೆವ್ವ ರೊಟ್ಟಿ ಬಡದ್ರ ಎಷ್ಟ ದುಂಡಗ, ಗದಿಗೆವ್ವನ ಮಾತು ಎಷ್ಟ ಮೆತ್ತಗ, ಏನರ ತಂಟೆ ಬಂದ್ರ ಗದಿಗೆವ್ವನ ಕೇಳ್ರಿ, ಆಕಿ ಹೇಳಿದ್ರ ಆತು. ನಮ್ಮ ಮನಿಯವರೂ ಹಂಗ. ಲಾಡಸಾಬ ಅಂತ ಅವರ ಹೆಸರು, ಹೆಂಡ್ತಿ ಬಾಯಾಗ ಬರಬಾರದು, ನಿಮಗ ತಿಳೀಲಿ ಅಂತ ಹೇಳೀನಿ. ಒಂದಿನ ನಾ ಮಾಡಿದ ಪುಂಡಿಪಲ್ಲೆ ಉಣಕೋತ, “ಗದಿಗೆವ್ವನ ಮನೀದು ಬ್ಯಾರೇನ ಇರತೈತಿ ಬಿಡು” ಅಂದ್ರು. ಅವತ್ತ ಸಂಜೀಕ ನಾ ಒಲಿ ಹಚ್ಚಲೇ ಇಲ್ಲ. ಹಸಗೊಂಡ ಮಲಗಿದ್ರು.

ನಾವಿಬ್ಬರೂ ಒಂದ ಬ್ಯಾಸಗ್ಯಾಗ ಈ ಊರಿಗೆ ಸೊಸ್ಯಾರಾಗಿ ಬಂದವರು. ನಾ ಪಿಂಜಾರ ಓಣಿಗೆ, ಆಕಿ ಅಗಸಿ ಓಣಿಗೆ. ಶಿರಹಟ್ಟಿಯಿಂದ ಮುಂಡರಗಿಗೆ ಹೋಗೋ ರಸ್ತೆ ಊರಬಾಗಲ ಅಗಸಿ ಮುಂದ ಹಾಯತೈತಿ, ಬಸ್ಸು ಆಕಿ ಮನಿ ಮುಂದ ನಿಂದರತಾವ. ಧಾರವಾಡ ಒಡದು ಗದಗ ಬ್ಯಾರೆ ಜಿಲ್ಲಾ ಆದ ವರ್ಷ ಊರಿಗೆ ಒಂದ ಗಾಡಿ ಬೇವಿನ ಸಸಿ ಬಂದಿದ್ವು. ನಾನೂ ಒಂದ ತಂದೆ, ಆಕೀನೂ ಒಂದ ತಂದ್ಲು. ನಂದು ನಮ್ಮ ಆಡ ತಿಂತು. ಆಕೀದು ಬೆಳೀತು. ಬೆಳದದ್ದು ಬೆಳೀತು, ದಾರೀಲೆ ಹೋಗೋವರೆಲ್ಲಾ ಅದರ ನೆಳ್ಳಾಗ ಕುಂತು, ಆಕಿ ಕೊಟ್ಟ ನೀರ ಕುಡದು, “ನಿನ್ನ ಹೊಟ್ಟಿ ತಣ್ಣಗಿರಲಿ” ಅಂತ ಹರಸಿ ಹೋಗಾಕ ಹತ್ತಿದ್ರು. ಕಡೀಕ ಬಸ್ಸಿನ ಕಂಡಕ್ಟರ್ ಸೈತ ನಮ್ಮೂರ ಹೆಸರ ಬಿಟ್ಟು, “ಗದಿಗೆವ್ವನ ಬೇವು, ಯಾರ ಇಳಿಯಾವರು” ಅನ್ನಾಕ ಹತ್ತಿದ. ನಾನೂ ಅದ ಹೆಸರ ಹೇಳಿ ಟಿಕೀಟು ತಗೋಬೇಕಾತು. ನೀವ ಹೇಳ್ರಿ, ಮೈ ಉರೀತೈತೊ ಇಲ್ಲೊ?

ಹೋದ ವರ್ಷದ ಬಿರಗಾಳ್ಯಾಗ ಆ ಬೇವು ಬುಡಸಮೇತ ಬಿತ್ತು. ನಾ ಹೋಗಿ, “ಎಂಥಾ ಗಿಡ ಹೋತಲ್ಲ ಯವ್ವಾ” ಅಂತ ಬಾಯಿಲೆ ಹೇಳಿ ಬಂದೆ. ಒಳಗ ಏನಾತು ಅನ್ನೂದು ನನಗೊಬ್ಬಾಕೀಗೇ ಗೊತ್ತು. ಇನ್ನರ ಆ ಹೆಸರ ಹೋದೀತು ಅಂತ ಮಾಡಿದ್ದೆ. ಗಿಡ ಬಿತ್ತು, ಹೆಸರ ಬೀಳಲಿಲ್ಲ. ಬರೇ ಬಯಲಾಗ ಬಸ್ಸು ನಿಂದರಸಿ ಕಂಡಕ್ಟರ್ ಇನ್ನೂ “ಗದಿಗೆವ್ವನ ಬೇವು” ಅಂತಿದ್ದ.

ನನಗ ಆವಾಗ ನೆಳ್ಳಿನ ಚಿಂತಿ ಬ್ಯಾರೆ ಇತ್ತು. ನಮ್ಮ ಓಣಿ ಮನಿಗೋಳೆಲ್ಲಾ ತಗಡಿನವು. ಬ್ಯಾಸಗ್ಯಾಗ ಮಧ್ಯಾನ ಒಳಗ ಕುಂತ್ರ ತೆಲಿ ಬೇಯತೈತಿ, ಹೊರಗ ಕುಂತ್ರ ಮೈ ಬೇಯತೈತಿ. ನನ್ನ ಮಗಳು ನಜಮಾನ್ನ ಲಕ್ಷ್ಮೇಶ್ವರಕ್ಕ ಕೊಟ್ಟೀನಿ. ಚೊಚ್ಚಲ ಬಾಣಂತನಕ್ಕ ಬಂದಾಗ ಕೂಸಿನ ಮೈತುಂಬ ಬೆವರಸಾಲಿ ಎದ್ದು, ಜ್ವರ ಬಂದು, ಕಣ್ಣ ಮ್ಯಾಲ ಮಾಡಿತ್ತು. ಆ ದಿನಾ ಅದನ್ನ ಎತಗೊಂಡು ಓಡಿದ್ದು ಎಲ್ಲಿಗೆ ಅಂತೀರಿ? ಗದಿಗೆವ್ವನ ಬೇವಿನ ಬುಡಕ್ಕ. ಆಕಿನೇ ಹಸಿ ಅರಬಿ ಹಾಕಿ, ಬೀಸಣಿಕಿ ಬೀಸಿ, ಕೂಸು ಕಣ್ಣ ಬಿಡೂತನಕ ಎದ್ದಿರಲಿಲ್ಲ. ಅಳಿಯಾ ಬಂದು ನೋಡಿ, “ಅತ್ತಿ, ನಿಮ್ಮ ಮನಿ ತಣ್ಣಗಾಗೂತನಕ ಬ್ಯಾಸಗ್ಯಾಗ ಕಳಸಂಗಿಲ್ರಿ” ಅಂದ. ಆ ಹೊತ್ತಿನ್ಯಾಗ ನಜಮಾ ಮತ್ತ ಬಸರಿ ಇದ್ಲು. ದಿನಾ ತುಂಬೋದು ಮುಂದಿನ ಬ್ಯಾಸಗ್ಯಾಗ. ತಾಯಿ ಬದುಕಿರೋವಾಗ ಮಗಳು ಅತ್ತಿ ಮನ್ಯಾಗ ಹಡದ್ರ ನಾ ಯಾಕ ಇರಬೇಕು?

ಅಂಥಾದ್ರಾಗ ಒಂದಿನ ರಿಕ್ಷಾದಾಗ ಮೈಕ ಕಟ್ಟಿಗೊಂಡು ಬಂದು ಕೂಗಿದ್ರು: “ಊರಿನ ಮುಂದಿನ ಇಪ್ಪತ್ತು ವರ್ಷದ ಯೋಜನೆ. ನಾಳೆ ಪಂಚಾಯ್ತಿ ಕಟ್ಟೆಯಲ್ಲಿ ಸಭೆ. ಮನೆಗೊಂದು ಮರ. ಹೆಣ್ಣುಮಕ್ಕಳು ತಪ್ಪದೆ ಬರಬೇಕು.” ಕೂಗಿದಾಕಿ ಮೈಸೂರ ಕಡೀ ಮೇಡಮ್ಮ, ಗದಗಿನ್ಯಾಗ ಯಾವುದೋ ಸಂಸ್ಥಾದಾಕಿ. ನಾ ಕೂಡಲೇ ಓಣಿ ತುಂಬ ಹೇಳಿಕೋತ ಬಂದೆ, ಮನಿಗೊಂದ ಮರ ತಗೊಂಡ ಬರಬೇಕಂತ ನೋಡ್ರಿ ಅಂತ. ನಮ್ಮ ಕಡಿ ಗಿಡಕ್ಕ ಗಿಡ ಅಂತಾರ್ರಿ. ಬೇವಿನ ಗಿಡ, ಹುಣಸೀ ಗಿಡ. ಮರ ಅಂದ್ರ ಕಾಳು ಹಸನ ಮಾಡೋ ಮರ. ಸಾಲಿ ಕಲಿತ ಹುಡುಗ್ಯಾರು ಒಬ್ಬರರ ತಿದ್ದಬೇಕಿಲ್ಲೋ? ಯಾರೂ ತಿದ್ದಲಿಲ್ಲ. ಮರುದಿನ ಊರಿನ ಹೆಣಮಕ್ಕಳೆಲ್ಲಾ ಬಗಲಾಗ ಒಂದೊಂದ ಮರ ಹಿಡಕೊಂಡು ಪಂಚಾಯ್ತಿ ಕಟ್ಟಿಗೆ ಹೋಗಿ ಕುಂತಿವಿ.

ಮೇಡಮ್ಮ ನೋಡಿ, “ಇದೇನು ಎಲ್ಲರೂ ಮೊರ ತಂದಿದೀರಿ?” ಅಂದ್ಲು.

“ನೀವ ಹೇಳಿದ್ರೆಲ್ಲ, ಮನಿಗೊಂದ ಮರ ಅಂತ,” ಅಂದೆ ನಾ. ಎಲ್ಲಾರಿಗಿಂತ ಮುಂದ ಕುಂತಾಕಿ ನಾನ.

ಆಕೀಗೆ ತಿಳಿಯೂತನಕ ಸ್ವಲ್ಪ ಹೊತ್ತಾತು. ತಿಳದ ಮ್ಯಾಲ ಹೊಟ್ಟಿ ಹಿಡಕೊಂಡು ನಕ್ಕಳು. ಗಂಡಸರು ನಕ್ಕರು. ಪಂಚಾಯ್ತಿ ಮೆಂಬರು ಚನ್ನಬಸವಣ್ಣ ಕಣ್ಣೀರ ಒರಸಿಕೋತ, “ಇದ್ಯಾರ ಎಬ್ಬಿಸಿದ ಹುಯಿಲು?” ಅಂತ ಕೇಳಿದ. ನಮ್ಮ ಮನಿಯವರು ನನ್ನ ಕಡಿ ಕೈ ತೋರಿಸಿದ್ರು. ಭೂಮಿ ಬಾಯಿ ಬಿಟ್ಟಿದ್ರ ಮರ ಸಮೇತ ಒಳಗ ಹೋಗತಿದ್ದೆ.

ನಗಿ ನಿಂತ ಮ್ಯಾಲ ಮೇಡಮ್ಮ ತನ್ನ ಮಾತು ಹೇಳಿದ್ಲು. ಬರೋ ವರ್ಷಗಳಾಗ ಬಿಸಲ ಇನ್ನೂ ಏರತೈತಿ, ಮಳಿ ಕೈ ಕೊಡತೈತಿ, ಏನ ಮಾಡಬೇಕು, ಯಾರಿಗೆ ಮೊದಲ ಮಾಡಬೇಕು ಅನ್ನೂದನ್ನ ಊರವರ ಕುಂತು ಠರಾಯಿಸಬೇಕು, ಹೊರಗಿನವರು ಬಂದು ಹೇಳಬಾರದು ಅಂತ. ಆಕಿ ಮಾತು ಬರೋಬ್ಬರಿ ಇತ್ತು. ಮನಿಗೊಂದ ಗಿಡ, ಮ್ಯಾಲ ತಗಡಿಗೆ ಸುಣ್ಣ ಹೊಡದು ಜ್ವಾಳದ ಕಣಿಕಿ ಹೊಚ್ಚೋದು. ಆದ್ರ ನಮ್ಮ ನೆಲದಾಗ ಸಸಿ ಎರಡ ಮೂರ ಬ್ಯಾಸಗಿ ನೀರ ಕಾಣದಿದ್ರ ಉಳಿಯಂಗಿಲ್ಲ. ಊರಿಗೆಲ್ಲಾ ಒಮ್ಮೆಲೆ ಹಚ್ಚಿದ್ರ ನೀರ ಎಲ್ಲೈತಿ? ಅದಕ್ಕ ಚನ್ನಬಸವಣ್ಣ ಒಂದ ದಾರಿ ಹೇಳಿದ. ಗಿಡ ಇರಲಿ, ತಗಡಿನ ಕೆಲಸ ಇರಲಿ, ಒಂದ ಸಲಕ್ಕ ಒಂದ ಓಣಿ. ಊರಿನ ಪ್ರತಿ ಮನಿಯಿಂದ ದಿನಾ ಒಂದ ಕೊಡ ನೀರು ಆ ಓಣಿ ಸಸಿಗೆ. ಅವು ಬೇರ ಬಿಟ್ಟ ಮ್ಯಾಲ ಮುಂದಿನ ಓಣಿ ಪಾಳಿ. ಎಲ್ಲಾರೂ ಹೂಂ ಅಂದ್ರು. ಮೊದಲ ಯಾವ ಓಣಿ ಅನ್ನೂದಕ್ಕ ಬಂದಾಗ ಜಗಳ ಎದ್ದಿತು. ಎಲ್ಲಾರ ಓಣ್ಯಾಗೂ ಬಿಸಲ ಹೆಚ್ಚು.

ಆವಾಗ ಗದಿಗೆವ್ವ ಎದ್ದು ನಿಂತ್ಲು. ತೆಲಿ ಮ್ಯಾಲ ಸೆರಗ, ಕೈಯಾಗ ಮರ. “ಹೆಂಗೂ ಮರ ತಂದೀವಿ,” ಅಂದ್ಲು. “ಒಂದ ಹಿಟ್ಟ ಕುದಸೂಣು. ಓಣಿಗೆ ಒಂದ ಮರದಾಗ ಸಂಡಿಗಿ ಹಾಕಿ ಮುಂಜಾನೆ ಬಿಸಲಿಗೆ ಇಡೂಣು. ಸಂಜೀಕ ಯಾರ ಓಣೀವು ಹೆಚ್ಚ ಒಣಗಿರತಾವೊ ಆ ಓಣಿಗೆ ಮೊದಲ ನೆಳ್ಳ. ಸಂಡಿಗಿಗೆ ಜಾತಿ ಇಲ್ಲ, ಪಾರ್ಟಿ ಇಲ್ಲ.”

ಏನ ಚಪ್ಪಾಳಿ ಅಂತೀರಿ. ಮೇಡಮ್ಮ ಅಂತೂ ಆಕೀನ ಅಪ್ಪಿಕೊಂಡ್ಲು. ಮರ ತರಿಸಿದಾಕಿ ನಾನು, ನಗಿ ನನಗ. ಅದ ಮರಕ್ಕ ಚಪ್ಪಾಳಿ ಆಕೀಗೆ. ಅಷ್ಟ ಅಲ್ಲ, ಸಂಡಿಗಿ ಅಂದ್ರ ಈ ಊರಾಗ ಫಕೀರಬಿ. ಯಾರ ಮನಿ ಮದುವಿ ಇದ್ರೂ ಸಂಡಿಗಿಗೆ ನನ್ನ ಕರೀತಾರ. ಆ ವಿಚಾರ ನನ್ನ ತೆಲ್ಯಾಗ ಯಾಕ ಹೊಳೀಲಿಲ್ಲ ಅಂತ ಹಲ್ಲ ಕಡದೆ. ಸುಮ್ಮನ ಕುಂದ್ರಾಕ ಆಗಲಿಲ್ಲ.

“ಹಿಟ್ಟ ನಾ ಕುದಸ್ತೀನಿ,” ಅಂದೆ ಎದ್ದು. “ಇನ್ನೊಂದ ಕರಾರ. ಇಟ್ಟ ಮ್ಯಾಲ ಮರಕ್ಕ ಯಾರೂ ಕೈ ಹಚ್ಚಬಾರದು. ಯಾರ ಹಚ್ಚತಾರ, ಅವರ ಮನಿ ಕಡೀಕ. ಊರಿಗೆಲ್ಲಾ ಗಿಡ ಆದ ಮ್ಯಾಲ ಅವರಿಗೆ.” ಹೇಳೋವಾಗ ಗದಿಗೆವ್ವನ್ನ ನೋಡಿ ಹೇಳಿದೆ. ಆಕಿ ಹೂಂ ಅಂದ್ಲು. ಎಲ್ಲಾರೂ ಹೂಂ ಅಂದ್ರು.

ಮರುದಿನ ಮುಂಜಾನೆ ನಮ್ಮ ಅಂಗಳದಾಗ ಹಿಟ್ಟ ಕುದಿಸಿ ಹಂಚಿದೆ. ಮರದಾಗ ಒದ್ದಿ ಅರಬಿ ಹಾಸಿ ಓಣಿಗೊಬ್ಬಾಕಿ ಸಂಡಿಗಿ ಹಾಕಾಕ ಕುಂತ್ರು. ಅಗಸಿ ಓಣಿಗೆ ಗದಿಗೆವ್ವ, ಪಿಂಜಾರ ಓಣಿಗೆ ನಾನು. ಆಕಿ ಸಣ್ಣ ಸಣ್ಣವು, ತೆಳ್ಳಗ, ಸಾಲಿಗೆ ಹಾಕಿದ್ಲು. ಮೇಡಮ್ಮ ಅದರ ಫೋಟೋ ಹೊಡಕೊಂಡ್ಲು. ನನ್ನ ಮರದ್ದ ಹೊಡೀಲಿಲ್ಲ. ಆತಲ್ಲ, ನಾನೂ ತೋರಸ್ತೀನಿ ಅಂತ ಅಂಗೈಯಗಲದವು, ದಪ್ಪಗ, ಮದುವಿ ಮನಿ ಸಂಡಿಗಿ ಹಾಕಿದೆ.

ಗದಿಗೆವ್ವ ಬಗ್ಗಿ ಕಿವ್ಯಾಗ, “ಫಕೀರಬಿ, ತೆಳ್ಳಗ ಹಾಕ. ಇವು ಸಂಜೀತನಕ ಒಣಗಂಗಿಲ್ಲ,” ಅಂದ್ಲು.

“ನಿನ್ನ ಮರ ನೀ ನೋಡಿಕೊ,” ಅಂದೆ.

ಮರ ನಮ್ಮ ಮನಿ ಮುಂದ ಅರಬಿ ಒಗಿಯೋ ಕಲ್ಲಿನ ಮ್ಯಾಲ ಇಟ್ಟಿವಿ. ನಾ ಒಳಗ ಗಾದಿ ಹೊಲಿಕೋತ ಕುಂತೆ. ಕಿಡಕ್ಯಾಗಿಂದ ಒಂದ ಕಣ್ಣ ಅದರ ಮ್ಯಾಲ ಇತ್ತು. ಹೊತ್ತ ಏರಿದಂಗ ನನಗ ಅಂಜಿಕಿ ಸುರುವಾತು. ಸುತ್ತ ಅಂಚು ಒಣಗಿ ಬೆಳ್ಳಗಾಗಿದ್ವು, ನಡುವ ಹಂಗ ಹಸೀನ ಇದ್ವು. ನಜಮಾನ ಮಾರಿ ಕಣ್ಣ ಮುಂದ ಬಂತು. ಹೋಗಿ ಮುಟ್ಟೂಣು ಅಂದ್ರ ಕರಾರ ನಂದ.

ನಡು ಮಧ್ಯಾನ ಓಣ್ಯಾಗ ನಾಯಿ ಸೈತ ಇಲ್ಲ. ಆವಾಗ ಬಂದ್ಲು ಗದಿಗೆವ್ವ. ಸೆರಗ ಮುಂದ ಎಳಕೊಂಡು, ಆ ಕಡಿ ಈ ಕಡಿ ನೋಡಿ, ಕಲ್ಲಿನ ಮುಂದ ಕುಕ್ಕರಗಾಲಿಲೆ ಕುಂತು ನನ್ನ ಮರದಾಗ ಕೈ ಆಡಿಸಾಕ ಹತ್ತಿದ್ಲು. ಬೆನ್ನ ನನ್ನ ಕಡಿ ಇತ್ತು, ಕೈ ಏನ ಮಾಡತಾವ ಅನ್ನೂದು ಕಾಣವಲ್ಲದು. ನೀರ ಹಾಕಾಕ ಹತ್ಯಾಳ, ಬ್ಯಾರೆ ಏನೈತಿ? ಕೂಗಬೇಕಂತ ಬಾಯಿ ತಗದಾಕಿ ಹಂಗ ಮುಚ್ಚಿದೆ. ಈಗ ಹಿಡದ್ರ ನೋಡಾಕ ನಾನು, ಆಕಿ, ಇಬ್ಬರ. ಸಂಜೀಕ ಊರ ಮುಂದ ಹಿಡೀಬೇಕು. ಖರೆ ಹೇಳಬೇಕಂದ್ರ ನನ್ನ ಜೀವಮಾನದಾಗ ಅಷ್ಟ ಖುಷಿ ಆಗಿದ್ದಿಲ್ಲ. ಗದಿಗೆವ್ವನೂ ಕಳ್ಳಿ, ಗದಿಗೆವ್ವನೂ ಕಳ್ಳಿ ಅಂತ ಹಾಡಿಕೋತ ಗಾದಿ ಹೊಲದೆ.

ಸಂಜೀಕ ಎಲ್ಲಾ ಮರ ಕಟ್ಟಿಗೆ ಬಂದ್ವು. ಚನ್ನಬಸವಣ್ಣ ಒಂದೊಂದ ಮರದ್ದು ಮುರದು ನೋಡಿಕೋತ ಬಂದ. ಕೆಲವು ಬಾಗಿದ್ವು, ಕೆಲವು ನಡುವ ಮೆತ್ತಗಿದ್ವು. ಅಗಸಿ ಓಣೀವು ಮುರದ್ವು, ಆದ್ರ ಸಪ್ಪಳಾಗಲಿಲ್ಲ. ನನ್ನ ಮರಕ್ಕ ಬಂದಾಗ ನಾ ಕಣ್ಣ ಮುಚ್ಚಿದೆ. ಲಟ್ ಅಂತು. ಇನ್ನೊಂದು, ಅದೂ ಲಟ್ ಅಂತು.

“ಪಿಂಜಾರ ಓಣಿ ಮೊದಲ,” ಅಂದ ಚನ್ನಬಸವಣ್ಣ.

ಓಣಿಯವರೆಲ್ಲಾ ಕೂಗಾಡಿದ್ರು. ಅಷ್ಟಕ್ಕ ಬಾಯಿ ಮುಚ್ಚಿಕೊಂಡು ಮನಿಗೆ ಬಂದಿದ್ರ ಮುಗೀತಿತ್ತು. ಬೇಕಾದ್ದು ಸಿಕ್ಕಿತ್ತಲ್ಲ, ಮಗಳು ಮನಿಗೆ ಬರತಿದ್ಲು. ಆದ್ರ ಆ ಕಡಿ ನೋಡತೀನಿ, ಗದಿಗೆವ್ವ ನಗಾಕ ಹತ್ಯಾಳ. ನಾ ಗೆದ್ದದ್ದಕ್ಕ ಆಕಿ ಯಾಕ ನಗಬೇಕು? ಮಧ್ಯಾನದಿಂದ ಬಾಯಾಗ ಇಟಗೊಂಡು ಕುಂತಿದ್ದ ಮಾತು ನಿಂದರಲಿಲ್ಲ.

“ಗದಿಗೆವ್ವ ನಮ್ಮ ಮರಕ್ಕ ಕೈ ಹಚ್ಯಾಳ,” ಅಂದೆ. “ನನ್ನ ಕಣ್ಣಿಲೆ ಕಂಡೀನಿ. ನೀರ ಹಾಕ್ಯಾಳ. ಹಾಕಿದ್ರೂ ಹಿಂಗ ಒಣಗ್ಯಾವ ಅಂದ್ರ ನಮ್ಮ ಓಣಿ ಬಿಸಲ ಎಂಥಾದ್ದು ಅಂತ ನೀವ ತಿಳಕೋರಿ.”

ಚನ್ನಬಸವಣ್ಣ, “ಏನವ್ವಾ ಗದಿಗೆವ್ವಾ, ಖರೇನ?” ಅಂದ.

“ಕೈ ಹಚ್ಚಿದ್ದು ಖರೆ,” ಅಂದ್ಲು. “ನೀರ ಹಾಕಿಲ್ಲ. ತಿರುವಿ ಹಾಕೀನಿ.”

“ಯಾಕ?”

“ದಪ್ಪ ಆಗಿದ್ವು. ಮ್ಯಾಲ ಒಣಗಿ ತೆಳಗ ಹಸಿ ಉಳದಿದ್ವು. ಈಕಿ ಓಣಿ ಧಗಿ ನನಗ ಗೊತ್ತೈತಿ, ಆ ಕೂಸು ನನ್ನ ತೊಡಿ ಮ್ಯಾಲ ಕಣ್ಣ ತಿರುವಿತ್ತು. ಬಿಸಲ ಖರೆ ಇತ್ತು, ಸಂಡಿಗಿ ಸುಳ್ಳ ಹೇಳತಿದ್ವು.”

ನನ್ನ ಮರದಾಗಿನ ಸಂಡಿಗಿ ಮಗ್ಗಲ ಬದಲ ಆಗಿದ್ದನ್ನ ಆವಾಗ ನೋಡಿದೆ. ಇಷ್ಟ ವರ್ಷ ಸಂಡಿಗಿ ಹಾಕಿದಾಕಿ, ನನಗ ಕಂಡಿರಲಿಲ್ಲ.

ಖರೆ ಸುಳ್ಳ ಕಣ್ಣಿಲೆ ನೋಡೂಣು ಅಂತ ಚನ್ನಬಸವಣ್ಣ ಮಂದೀನ್ನೆಲ್ಲಾ ಕರಕೊಂಡು ನಮ್ಮ ಓಣಿಗೆ ನಡದ. ಹೊತ್ತ ಮುಳುಗಾಕ ಬಂದಿತ್ತು, ಆದ್ರೂ ತಗಡಿನ ಗ್ವಾಡಿಗೆ ಕೈ ಇಟ್ಟಾಂವ ಚಕ್ಕನ ತಗದ. ಎಲ್ಲಾರೂ ಒಬ್ಬೊಬ್ಬರ ಮುಟ್ಟಿ ನೋಡಿದ್ರು. ಪಿಂಜಾರ ಓಣಿ ಮೊದಲ ಅನ್ನೂದಕ್ಕ ಆಮ್ಯಾಲೆ ಯಾರೂ ತಕರಾರ ಎತ್ತಲಿಲ್ಲ. ಉಳದದ್ದು ಗದಿಗೆವ್ವನ ಮಾತು.

“ಫಕೀರಬಿ,” ಅಂದ ಚನ್ನಬಸವಣ್ಣ, “ಕರಾರ ನಿಂದು. ಆಕಿ ಮನಿ ಮುಂದಿನ ಗಿಡಾನೂ ಬಿದ್ದೈತಿ. ನೀ ಬಿಟ್ಟೆ ಅಂದ್ರ ಊರೂ ಬಿಡತೈತಿ. ಏನಂತಿ?”

ಬಿಟ್ಟೆ ಅನ್ನಬೇಕಿತ್ತು. ನಾಲಿಗಿ ತುದೀತನಕ ಬಂದಿತ್ತು. ಆದ್ರ ಸುತ್ತ ನೋಡಿದೆ, ಎಲ್ಲಾರ ಕಣ್ಣೂ ಆಕಿ ಮ್ಯಾಲ. ದರ್ಗಾದಾಗ ನಿಂತು ನೋಡತಾರಲ್ಲ ಹಂಗ ನೋಡತಿದ್ರು. ನಮ್ಮ ಮನಿಯವರೂ. ನನ್ನ ಒಬ್ಬರರ ಜೀವಮಾನದಾಗ ಹಂಗ ನೋಡ್ಯಾರೇನು?

“ಕರಾರ ಅಂದ್ರ ಕರಾರ,” ಅಂದೆ.

“ಖರೆ ಐತಿ,” ಅಂದ್ಲು ಗದಿಗೆವ್ವ. ಮರ ಝಾಡಿಸಿಕೊಂಡು ಮನಿಗೆ ಹೋದ್ಲು. ನಮ್ಮ ಮನಿಯವರು ಎಂಟ ದಿನಾ ನನ್ನ ಕೂಡ ಮಾತಾಡಲಿಲ್ಲ.

ಮಳಿ ತಡಾ ಮಾಡಿ ಬಂತು, ಬಂದ ಮ್ಯಾಲ ನಮ್ಮ ಓಣ್ಯಾಗ ಮನಿಗೊಂದ ಬೇವು ಹಚ್ಚಿದ್ರು. ಚಳಿ ಮುಗದ ಮ್ಯಾಲ ಊರ ಮಂದಿ ಬಂದು ತಗಡಿಗೆ ಸುಣ್ಣಾ ಹೊಡದು ಕಣಿಕಿ ಹೊಚ್ಚಿದ್ರು. ಅಳಿಯಾ ಬಂದು ಮಧ್ಯಾನ ಒಳಗ ಕುಂತು ನೋಡಿ, ನಜಮಾನ್ನ ಬಿಟ್ಟ ಹೋದ. ನಮ್ಮ ಮನ್ಯಾಗ ಗಂಡಕೂಸು ಹುಟ್ಟಿತು. ಬೆವರಸಾಲಿ ಇಲ್ಲ, ಜ್ವರಾ ಇಲ್ಲ, ತೊಟ್ಟಿಲದಾಗ ಮೈಮರತ ಮಲಗತಿತ್ತು. ನಾ ಬೇಡಿದ್ದೆಲ್ಲಾ ಸಿಕ್ಕಿತ್ತು. ಆದ್ರ ದಿನಾ ಮುಂಜಾನೆ ಆ ಓಣಿ ಈ ಓಣಿ ಹೆಣಮಕ್ಕಳು ಕೊಡ ಹೊತಗೊಂಡು ಬಂದು ನಮ್ಮ ಸಸಿಗೆ ನೀರ ಹಾಕಿ, “ಗದಿಗೆವ್ವ ಬಿಟ್ಟ ನೆಳ್ಳ ನೋಡ ಯವ್ವಾ ಇದು” ಅಂದು ಹೋಗತಿದ್ರು. ಅವರ ಜತಿ ಗದಿಗೆವ್ವನೂ ಕೊಡ ತರತಿದ್ಲು. ಹಾಕಿ, ಕೂಸಿನ ಗಲ್ಲ ಮುಟ್ಟಿ ಹೋಗತಿದ್ಲು. ಒಂದಿನ ನಮ್ಮ ಮನಿಯವರು ನಮ್ಮ ಅಂಗಳದಾಗ ನಿಂತು, ನಮ್ಮ ಬಾಗಲ ಮುಂದಿನ ಗಿಡ ತೋರಿಸಿ, “ಗದಿಗೆವ್ವನ ಗಿಡಕ್ಕ ನೀರ ಆತೇನ?” ಅಂತ ಕೇಳಿದ್ರು. ನನ್ನ ಬಾಗಲ. ನನ್ನ ಗಿಡ.

ಅವತ್ತ ಸಲಿಕಿ ತಗೊಂಡು ಅಗಸಿ ಓಣಿಗೆ ಹೋದೆ. ಹಳೇ ಬೇವು ಕಿತ್ತ ಬಿದ್ದ ಕುಣಿ ಹಂಗ ಇತ್ತು. ಅದರಾಗ ಒಂದ ಬೇವಿನ ಸಸಿ ಇಟ್ಟೆ. ಸುತ್ತ ಜಾಲಿಮುಳ್ಳ ಹಚ್ಚಿದೆ. ನಮ್ಮ ಆಡಿನ ಹಗ್ಗಾ ಗಿಡ್ಡ ಮಾಡಿದೆ.

ಗದಿಗೆವ್ವ ಬಾಗಲಾಗ ಬಂದು, “ನನ್ನ ಪಾಳಿ ಕಡೀಕ ಐತಲ್ಲ,” ಅಂದ್ಲು. “ಕರಾರ ನಿಂದ.”

“ಊರ ನೀರ ಅಲ್ಲ ಇದು,” ಅಂದೆ. “ನಮ್ಮ ಮನಿ ಅಕ್ಕಿ ತೊಳದ ನೀರು. ಕರಾರಿನ್ಯಾಗ ಅಕ್ಕಿ ನೀರಿನ ಸುದ್ದಿ ಇಲ್ಲ.”

ನಕ್ಕಳು. ನಾ ನಗಲಿಲ್ಲ. ಕನಿಕರಕ್ಕ ಹಚ್ಚಿದ್ದಲ್ರಿ ಅದು. ಮುಂದ ಆಕಿ ಮನಿ ಮುಂದ ಕುಂತವರೆಲ್ಲಾ ಇದು ಯಾರ ಗಿಡ ಅಂತ ಕೇಳಬೇಕು, ಫಕೀರಬೀದು ಅಂತ ಆಕಿ ಬಾಯಿಲೆ ಹೇಳಬೇಕು. ಅದಕ್ಕ ಹಚ್ಚಿದ್ದು. ದಿನಾ ಬಿಂದಗಿ ಹೊತಗೊಂಡು ಹೋಗತೀನಿ. ನಮ್ಮ ಬಾಗಲ ಮುಂದಿಂದು ಒಂದಿನ ತಪ್ಪೀತು, ಅದು ತಪ್ಪಂಗಿಲ್ಲ.

ಹೋದ ಅಮಾಸಿ ದಿನಾ ಶಿರಹಟ್ಟಿಗೆ ಹೋಗಿದ್ದೆ. ಬರಬೇಕಾದ್ರ ಬಸ್ಸಿನ್ಯಾಗ ಜಾಗಾ ಇರಲಿಲ್ಲ, ಹಿಂದ ಕಂಬ ಹಿಡಕೊಂಡು ನಿಂತಿದ್ದೆ. ಗದಿಗೆವ್ವ ಮುಂದಿನ ಸೀಟಿನ್ಯಾಗ ಕುಂತಿದ್ಲು, ಮಠಕ್ಕ ಬಂದಿದ್ಲು ಅಂತ ಕಾಣತೈತಿ. ನನ್ನ ನೋಡಿರಲಿಲ್ಲ. ಕಂಡಕ್ಟರ್ ಹೊಸಾ ಹುಡುಗ. ಎಲ್ಲಿಗೆ ಅಂತ ಕೇಳಿದ.

“ಫಕೀರಬಿ ಗಿಡ,” ಅಂದ್ಲು.

“ಅದೆಲ್ಲಿ ಬರತೈತ್ರಿ ಅಮ್ಮಾ? ಅಂಥಾ ಸ್ಟಾಪ ಇಲ್ಲಲ್ಲ.”

“ಐತಿ. ಮೊದಲ ಗದಿಗೆವ್ವನ ಬೇವು ಅಂತಿದ್ರು. ಈಗ ಅಲ್ಲೆ ಫಕೀರಬಿ ಗಿಡ ಐತಿ.”

ಮೊಣಕಾಲ ಮಟ್ಟ ಬೆಳದಿಲ್ರಿ ಅದು. ಆಂವ ಅಲ್ಲಿ ಬಸ್ಸ ನಿಂದರಸಿ, “ಫಕೀರಬಿ ಗಿಡ, ಯಾರ ಇಳಿಯಾವರು” ಅಂತ ಕೂಗಿ, ಕಿಡಕಿಯಿಂದ ತೆಲಿ ಹೊರಗ ಹಾಕಿ ಎಲ್ಲೈತಿ ಗಿಡ ಅಂತ ಹುಡುಕಿದ. ನಾ ಹಿಂದಿನ ಬಾಗಲಿಂದ ಇಳದೆ. ಕೇಳಬೇಕಂದಿದ್ದ ಮಾತು ಕೇಳಿ ಆಗಿತ್ತು. ಅಗಸ್ಯಾಗ ನಿಂತು ಹೊಟ್ಟಿ ತಣ್ಣಗಾತೇನು ಅಂತ ನೋಡಿಕೊಂಡೆ. ಎಲ್ಲೀದು. ನನ್ನ ಬಾಗಲ ಮುಂದಿನ ಗಿಡಕ್ಕ ಆಕಿ ಹೆಸರ ನಾ ಇನ್ನೂ ಒಂದ ಸಲಾನೂ ಹೇಳಿಲ್ಲ, ಆಕಿ ಬಸ್ಸಿನ ತುಂಬ ನನ್ನ ಹೆಸರ ಹೇಳಿ ಮುಗಿಸಿದ್ಲು. ಇದರಾಗೂ ಆಕೀನ ಮೊದಲ.

ಗದಿಗೆವ್ವ ಹಿಂದ ಬಂದು, “ಏ ಫಕೀರಬಿ, ನೀನೂ ಇದ್ದೇನ ಬಸ್ಸಿನ್ಯಾಗ? ಬಾ, ಚಾ ಕುಡದ ಹೋಗು,” ಅಂದ್ಲು.

“ಚಾ ಆಮ್ಯಾಲೆ,” ಅಂದೆ. “ಮೊದಲ ಒಂದ ಬಿಂದಗಿ ಕೊಡು. ಇವತ್ತ ನೀರ ಆಗಿಲ್ಲ ಅದಕ್ಕ.”